ಪ್ರಸಾದನಿಲಯ, ಗುಳೆ ಮತ್ತು ಮಗುವಿನ ಓದು: ಸದ್ಭಕ್ತರ ತಿಳಿವಳಿಕೆಗಾಗಿ

ಮನೆಯಿಂದ ದೂರವಿದ್ದು ಓದುವ ಬಡ ವಿದ್ಯಾರ್ಥಿಗೆ ಅನ್ನ, ವಸತಿ ಮತ್ತು ಸಂಸ್ಕಾರಗಳನ್ನು ಶುಲ್ಕವಿಲ್ಲದೆ ಒದಗಿಸುವ ನೆಲೆಗೆ ನಮ್ಮ ನಾಡಿನಲ್ಲಿ ಪ್ರಸಾದನಿಲಯವೆಂದು ಹೆಸರು. ಈ ಹೆಸರಿನೊಳಗೆ ಒಂದು ತತ್ತ್ವವೇ ಅಡಗಿದೆ. ಕಾಯಕದಿಂದ ಗಳಿಸಿದ್ದನ್ನು ಸಮಾಜಕ್ಕೆ ಅರ್ಪಿಸುವುದು ದಾಸೋಹ. ಹಾಗೆ ಅರ್ಪಿತವಾದದ್ದನ್ನು ಎಲ್ಲರೊಡನೆ ಕುಳಿತು ಸ್ವೀಕರಿಸುವುದು ಪ್ರಸಾದ. ಆದುದರಿಂದ ಇಲ್ಲಿ ಉಣ್ಣುವ ಮಗು ಯಾರ ಋಣಕ್ಕೂ ತಲೆಬಾಗಬೇಕಾಗಿಲ್ಲ, ಉಣಬಡಿಸುವವರು ದಾನಿಗಳೆಂದು ಬೀಗಬೇಕಾಗಿಯೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ನೆಲೆಗೊಳಿಸಿದ ಈ ವಿಚಾರವು ಕಳೆದ ಶತಮಾನದಲ್ಲಿ ವಿದ್ಯಾರ್ಥಿನಿಲಯಗಳ ರೂಪದಲ್ಲಿ ಮತ್ತೆ ಚಿಗುರಿತು.

ಪ್ರತಿ ವರ್ಷ ಪ್ರವೇಶದ ದಿನಗಳಲ್ಲಿ ಶ್ರೀಮಠದ ಕಚೇರಿಗೆ ನೂರಾರು ಪಾಲಕರು ಬರುತ್ತಾರೆ. ಅವರಲ್ಲಿ ಗುಳೆ ಹೋಗುವ ಕುಟುಂಬಗಳವರು, ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಕರೆತರುವ ಅಜ್ಜ ಅಜ್ಜಿಯರು, ಹೊರರಾಜ್ಯಗಳಿಂದ ದುಡಿಮೆಗೆ ಬಂದವರು ಹೆಚ್ಚುತ್ತಿದ್ದಾರೆ. ಅವರಿಗೆ ಯಾವ ಹಕ್ಕುಗಳಿವೆ, ಯಾವ ನೆರವು ಎಲ್ಲಿ ದೊರೆಯುತ್ತದೆ, ಭಕ್ತರು ಏನು ಮಾಡಬಹುದು ಎಂಬುದನ್ನು ಒಂದೆಡೆ ತಿಳಿಸುವುದು ಈ ಲೇಖನದ ಉದ್ದೇಶ.

ಪರಂಪರೆಯ ಹೆಜ್ಜೆಗಳು

1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಹಿರಿಯರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡಿ ಮೇಲಣ ಓದಿಗೆ ಕಳುಹಿಸುವುದು ಅದರ ಮುಖ್ಯ ಆಶಯವಾಗಿತ್ತು. ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳು 1904ರಲ್ಲಿ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಧಾರವಾಡದ ಮುರುಘಾಮಠದ ಶ್ರೀ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯವನ್ನು ನಡೆಸಿ ಉತ್ತರ ಕರ್ನಾಟಕದ ಹಳ್ಳಿಗಳ ಹುಡುಗರಿಗೆ ಕಾಲೇಜಿನ ಬಾಗಿಲನ್ನು ತೆರೆದರು.

ಹಾನಗಲ್ಲ ಶ್ರೀಗಳ ಕರುಣೆಯಲ್ಲಿ ಬೆಳೆದವರು ಪಂಡಿತ ಪಂಚಾಕ್ಷರ ಗವಾಯಿಗಳು (1892–1944). ಸ್ವತಃ ಅಂಧರಾಗಿದ್ದ ಅವರು ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತ ಕಲಿಸಿ, ಅನ್ನ ನೀಡಿ ಸಲಹಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಕಾಯಕವನ್ನು ಮುಂದುವರಿಸಿದವರು, ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪಂಡಿತ ಪುಟ್ಟರಾಜ ಗವಾಯಿಗಳು (1914–2010). ಸಮಾಜವು ಭಾರವೆಂದು ಎಣಿಸಿದ್ದ ಮಕ್ಕಳು ಅಲ್ಲಿ ವಿದ್ವಾಂಸರಾಗಿ ಹೊರಬಂದರು.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶ್ರೀ ಉದ್ಧಾನ ಶಿವಯೋಗಿಗಳು ಆರಂಭಿಸಿದ ದಾಸೋಹ ಮತ್ತು ವಿದ್ಯಾದಾನವನ್ನು ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಬೃಹತ್ತಾಗಿ ಬೆಳೆಸಿದರು. ಪೂಜ್ಯರು ಹಳ್ಳಿಹಳ್ಳಿಗೆ ಜೋಳಿಗೆ ಹಿಡಿದು ಹೋಗಿ, ರೈತರು ನೀಡಿದ ರಾಗಿ, ಭತ್ತ, ತೆಂಗಿನಕಾಯಿಗಳನ್ನು ತಂದು ಮಕ್ಕಳಿಗೆ ಉಣಬಡಿಸಿದರು. ಜಾತಿ ಮತಗಳ ಭೇದವಿಲ್ಲದೆ ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಆಶ್ರಯ ಪಡೆಯುವಂತಾಯಿತು. ಪೂಜ್ಯರು ಲಿಂಗೈಕ್ಯರಾದ ಜನವರಿ 21ನ್ನು ರಾಜ್ಯ ಸರ್ಕಾರವು ದಾಸೋಹ ದಿನವೆಂದು ಘೋಷಿಸಿದೆ. ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916–1986) ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯದಿಂದ ಆರಂಭಿಸಿ 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠವನ್ನು ಕಟ್ಟಿದರು. ಸರ್ಕಾರವು 2002ರಲ್ಲಿ ಶಾಲೆಗಳ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂಬ ಹೆಸರನ್ನೇ ಇಟ್ಟದ್ದು ಈ ಪರಂಪರೆಯ ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತೋರಿಸುತ್ತದೆ.

ಗುಳೆ ಹೋಗುವ ಮನೆಯ ಮಗು

ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳ ಭಾಗಗಳ ಒಣಭೂಮಿಯ ಕುಟುಂಬಗಳು ಹಂಗಾಮಿನ ಕೆಲಸ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದು, ಗೋವೆಗಳತ್ತ ಹೊರಡುತ್ತವೆ. ಕಟ್ಟಡದ ಕೆಲಸ, ರಸ್ತೆಯ ಕೆಲಸ, ಇಟ್ಟಿಗೆ ಭಟ್ಟಿ, ಕಬ್ಬು ಕಡಿಯುವ ಕೆಲಸಗಳಿಗೆ ಗಂಡ ಹೆಂಡಿರಿಬ್ಬರೂ ಬೇಕು. ಚಿಕ್ಕ ಮಕ್ಕಳನ್ನು ಊರಿನಲ್ಲಿ ಬಿಡುವಂತಿಲ್ಲ. ಅವರನ್ನು ನೋಡಿಕೊಳ್ಳಲು ಹಿರಿಯ ಮಗುವೂ ಜೊತೆಗೆ ಹೊರಡಬೇಕು. ಹೀಗೆ ಶಾಲೆ ಮೊದಲು ತಪ್ಪುವುದು ಬಹುಪಾಲು ಮನೆಯ ಹಿರಿಯ ಹೆಣ್ಣುಮಗುವಿಗೆ. ಇತ್ತ ಅಸ್ಸಾಂ, ಜಾರ್ಖಂಡ್, ಬಿಹಾರಗಳಿಂದ ನಮ್ಮ ನಾಡಿನ ಕಾಫಿ ತೋಟಗಳಿಗೆ, ನಗರಗಳ ಕಟ್ಟಡಗಳಿಗೆ ಬಂದವರ ಮಕ್ಕಳು ಕನ್ನಡ ತಿಳಿಯದೆ ತರಗತಿಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತುಬಿಡುತ್ತಾರೆ.

ಇಲ್ಲಿ ನಮ್ಮ ತಪ್ಪೊಂದನ್ನು ಭಕ್ತರ ಮುಂದೆ ನಿವೇದಿಸಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ದೀಪಾವಳಿ ಕಳೆದ ವಾರದಲ್ಲಿ ತಾಯಿಯೊಬ್ಬಳು ಏಳನೆಯ ತರಗತಿಯ ಮಗನನ್ನು ಕರೆದುಕೊಂಡು ಶ್ರೀಮಠದ ಕಚೇರಿಗೆ ಬಂದಳು. ಮರುದಿನ ಅವರ ಗುಂಪು ಬೆಂಗಳೂರಿಗೆ ಹೊರಡುವುದಿತ್ತು. “ಇವನೊಬ್ಬನನ್ನು ಇಟ್ಟುಕೊಳ್ಳಿರಿ ಬುದ್ಧೀ, ಯುಗಾದಿಗೆ ಬಂದು ಕಾಣುತ್ತೇನೆ” ಎಂದಳು. ಪ್ರವೇಶವು ಜೂನ್ ತಿಂಗಳಲ್ಲಿಯೇ ಮುಗಿದಿತ್ತು, ವರ್ಗಾವಣೆ ಪತ್ರವೂ ಇರಲಿಲ್ಲ. ನಿಯಮವನ್ನು ತಿಳಿಸಿ, ಪ್ರಸಾದ ಸ್ವೀಕರಿಸಿ ಹೋಗಲು ಹೇಳಿ, ಬರುವ ಜೂನ್‌ನಲ್ಲಿ ಬರುವಂತೆ ಸೂಚಿಸಿದೆವು. ಜೂನ್‌ನಲ್ಲಿ ಅವರು ಬರಲಿಲ್ಲ. ವಿಚಾರಿಸಿದಾಗ, ಹುಡುಗನು ಕಟ್ಟಡದ ಕೆಲಸದಲ್ಲಿ ಮರಳು ಹೊರುತ್ತಿದ್ದಾನೆಂದು ಅವರ ಊರಿನವರು ತಿಳಿಸಿದರು. ಅಂದು ನಿಲಯದಲ್ಲಿ ಹಾಸಿಗೆ ಖಾಲಿ ಇತ್ತು, ಅಡುಗೆಮನೆಯಲ್ಲಿ ಅನ್ನವೂ ಇತ್ತು. ನಮ್ಮ ವೇಳಾಪಟ್ಟಿಯು ಗುಳೆಯ ವೇಳಾಪಟ್ಟಿಗೆ ಹೊಂದಿರಲಿಲ್ಲ.

ಈ ವಿಷಯವನ್ನು ಪೂಜ್ಯರ ಸನ್ನಿಧಿಯಲ್ಲಿ ನಿವೇದಿಸಿದಾಗ, ಬಾಗಿಲಿಗೆ ಬಂದ ಮಗುವಿಗೆ ತಿಂಗಳು ಕೇಳಬಾರದೆಂದು ಅಪ್ಪಣೆಯಾಯಿತು. ಅಂದಿನಿಂದ ನಿಲಯದ ಹತ್ತು ಸ್ಥಾನಗಳನ್ನು ಸಂಕ್ರಾಂತಿಯವರೆಗೆ ತುಂಬದೆ ಗುಳೆ ಹೋಗುವ ಮನೆಯ ಮಕ್ಕಳಿಗಾಗಿ ಕಾಯ್ದಿರಿಸುತ್ತಿದ್ದೇವೆ. ಕಾಗದಪತ್ರಗಳನ್ನು ಆಮೇಲೆ ತರಿಸಿಕೊಳ್ಳುತ್ತೇವೆ.

ಕಾನೂನು ನೀಡಿರುವ ಆಸರೆ

ಅಂದು ನಮಗೆ ಸರಿಯಾಗಿ ತಿಳಿಯದಿದ್ದ, ಪ್ರತಿಯೊಬ್ಬ ಭಕ್ತರೂ ತಿಳಿದಿರಬೇಕಾದ ಸಂಗತಿಗಳಿವು.

ಶಿಕ್ಷಣ ಹಕ್ಕು ಕಾಯ್ದೆ, 2009. ಇದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಓದು ನಿಂತಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕು. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ವರ್ಷದ ನಡುವೆ ಬಂದರೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಈ ಹಕ್ಕು ಹೊರರಾಜ್ಯದಿಂದ ಬಂದವರ ಮಕ್ಕಳಿಗೂ ಅಷ್ಟೇ ಅನ್ವಯಿಸುತ್ತದೆ.

ಬಾಲಕಾರ್ಮಿಕ ನಿಷೇಧ. 1986ರ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ದುಡಿಮೆಗೆ ಇಟ್ಟುಕೊಳ್ಳುವುದು ಅಪರಾಧ. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವಂತಿಲ್ಲ.

ಮಕ್ಕಳ ಕಲ್ಯಾಣ ಸಮಿತಿ. ಬಾಲನ್ಯಾಯ ಕಾಯ್ದೆ, 2015ರಂತೆ ಜಿಲ್ಲೆಗಳಲ್ಲಿ ಈ ಸಮಿತಿಗಳಿವೆ. ಪಾಲಕರಿಲ್ಲದ, ತೊರೆಯಲ್ಪಟ್ಟ ಅಥವಾ ಹಿಂಸೆಗೊಳಗಾದ ಮಗು ಕಂಡುಬಂದರೆ 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹಗಲಿರುಳು ಕರೆ ಸ್ವೀಕರಿಸುವ ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಪ್ರಾಯೋಜಕತ್ವ. ಮಗುವನ್ನು ಮನೆಯಿಂದ ಬೇರ್ಪಡಿಸಿ ಸಂಸ್ಥೆಯಲ್ಲಿರಿಸುವುದು ಕೊನೆಯ ದಾರಿಯಾಗಬೇಕೆಂಬುದು ಈ ಕಾಯ್ದೆಯ ತತ್ತ್ವ. ಅಜ್ಜಿಯೋ ಸೋದರಮಾವನೋ ಸಾಕಲು ಸಿದ್ಧರಿದ್ದು ಬಡತನವೊಂದೇ ಅಡ್ಡಿಯಾಗಿದ್ದರೆ, ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿಗಳ ನೆರವು ದೊರೆಯುತ್ತದೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ಪ್ರಸಾದನಿಲಯಕ್ಕೆ ಬಂದವರಿಗೆ ನಾವೂ ಮೊದಲು ಈ ದಾರಿಯನ್ನೇ ತಿಳಿಸುತ್ತೇವೆ.

ಕಟ್ಟಡ ಕಾರ್ಮಿಕರ ನೋಂದಣಿ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿದ 18ರಿಂದ 60 ವರ್ಷದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ನೋಂದಾಯಿತರ ಮಕ್ಕಳ ಓದಿಗೆ ಮಂಡಳಿಯ ಸಹಾಯಧನವಿದೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಿಂದ ರಾಷ್ಟ್ರೀಯ ಆಹಾರ ಭದ್ರತೆಯ ಪಡಿತರವನ್ನು ದುಡಿಯುವ ಊರಿನಲ್ಲಿಯೇ ಪಡೆಯಬಹುದು.

ವಿದ್ಯಾರ್ಥಿಗಳಿಗೆ. ಮೆಟ್ರಿಕ್ ನಂತರದ ಓದಿಗೆ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಾನ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ಯೋಜನೆಯಿದೆ. ಊಟ, ವಸತಿಗೆ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳ ನೆರವಾಗಿ ಅದು ಆರಂಭವಾಯಿತು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಓದು ಬಿಟ್ಟ ಹೆಣ್ಣುಮಕ್ಕಳಿಗೆ ಹಿಂದುಳಿದ ತಾಲೂಕುಗಳಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ.

ಮಠಗಳ ಹೊಣೆ

ಮಗುವಿಗೆ ಅನ್ನವಿಟ್ಟ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುವುದಿಲ್ಲ. ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಯು ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿರಬೇಕು. 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧಗಳಿಗೆ ಸಂಬಂಧಿಸಿದ ಪೋಕ್ಸೊ ಕಾಯ್ದೆ, 2012ರಂತೆ, ಅಂತಹ ಕೃತ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಡುವುದೇ ಶಿಕ್ಷಾರ್ಹ ಅಪರಾಧ. ಸಂಸ್ಥೆಯ ಗೌರವ ಕಾಪಾಡುವ ನೆಪ ಇಲ್ಲಿ ಸಲ್ಲದು. ಕಾವಿಯಾಗಲಿ, ವಿಭೂತಿಯಾಗಲಿ, ಕಾರ್ಯದರ್ಶಿಯೆಂಬ ಹುದ್ದೆಯಾಗಲಿ ಯಾರನ್ನೂ ಪ್ರಶ್ನೆಗೆ ಅತೀತರನ್ನಾಗಿ ಮಾಡುವುದಿಲ್ಲ. ಮಕ್ಕಳ ಮೇಲೆ ಭಕ್ತರು ಇರಿಸಿರುವ ಪ್ರೀತಿಯೇ ಮಠದ ನಿಜವಾದ ಗೌರವ. ಆದ್ದರಿಂದ ಪಾಲಕರು ಯಾವಾಗ ಬೇಕಾದರೂ ನಿಲಯಕ್ಕೆ ಬಂದು ಮಕ್ಕಳನ್ನು ಕಾಣಬಹುದು, ಅವರೊಡನೆ ಏಕಾಂತದಲ್ಲಿ ಮಾತನಾಡಬಹುದು. 1098 ಸಂಖ್ಯೆಯನ್ನು ಊಟದ ಮನೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಕಾಣುವಂತೆ ಬರೆಸಿದ್ದೇವೆ.

ಮನಸ್ಸಿನ ನೋವೂ ಹಸಿವಿನಷ್ಟೇ ನಿಜ. ಮನೆಯ ನೆನಪು, ಪರೀಕ್ಷೆಯ ಭಯ, ಊರು ಬಿಟ್ಟು ಬಂದ ಒಂಟಿತನಗಳಿಂದ ಕುಗ್ಗಿದ ವಿದ್ಯಾರ್ಥಿಗಳು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸದ್ಭಕ್ತರಲ್ಲಿ ಅರಿಕೆ

ದವಸ ಧಾನ್ಯಗಳ ಭಕ್ತಿ ಕಾಣಿಕೆ ಸುಗ್ಗಿಯಲ್ಲಿ ತುಂಬಿ ಬರುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಕಣಜ ಬರಿದಾಗುತ್ತದೆ. ಆಷಾಢ ಶ್ರಾವಣಗಳಲ್ಲಿ ನೀಡುವ ಒಂದು ಚೀಲ ಜೋಳಕ್ಕೆ ಹೆಚ್ಚಿನ ಬೆಲೆಯುಂಟು. ನಿವೃತ್ತ ಶಿಕ್ಷಕರು ಸಂಜೆಯ ಒಂದು ಗಂಟೆಯನ್ನು ನೀಡಿದರೆ, ನಡುವೆ ಬಂದು ಸೇರಿದ ಮಕ್ಕಳು ತರಗತಿಯ ಮಟ್ಟಕ್ಕೆ ಬರುತ್ತಾರೆ. ಗಣಕಯಂತ್ರ ಬಲ್ಲ ಯುವಕ ಯುವತಿಯರು ಅರ್ಜಿಗಳನ್ನು ತುಂಬಿಕೊಟ್ಟರೆ ಅನೇಕ ಕುಟುಂಬಗಳು ತಮ್ಮ ಹಕ್ಕಿನ ನೆರವನ್ನು ಕಳೆದುಕೊಳ್ಳುವುದು ತಪ್ಪುತ್ತದೆ. ಗುತ್ತಿಗೆದಾರರಾಗಿರುವ ಭಕ್ತರು ತಮ್ಮ ಕಾರ್ಮಿಕರನ್ನು ನೋಂದಾಯಿಸಿ, ಅವರ ಮಕ್ಕಳನ್ನು ಸಮೀಪದ ಶಾಲೆಗೆ ಸೇರಿಸಿದರೆ ಅದೇ ಶ್ರೇಷ್ಠ ದಾಸೋಹ. ಹೊರನಾಡಿನಿಂದ ಬಂದ ಮಗುವಿಗೆ ನಾಲ್ಕು ಕನ್ನಡ ಮಾತು ಕಲಿಸಲು ಹಣವೇ ಬೇಕಾಗಿಲ್ಲ.

ಈ ವರ್ಷವೂ ಹತ್ತು ಸ್ಥಾನಗಳು ಖಾಲಿ ಇವೆ. ನಿಮ್ಮ ಊರಿನಿಂದ ದೀಪಾವಳಿಯ ನಂತರ ಗುಳೆ ಹೊರಡುವ ಕುಟುಂಬಗಳು ಯಾವುವೆಂದು ನಿಮಗೆ ತಿಳಿದೇ ಇರುತ್ತದೆ. ಬಂಡಿ ಕಟ್ಟುವ ಮುನ್ನವೇ ಆ ಮನೆಗೆ ಹೋಗಿ ಶಾಲೆಯ ಮಕ್ಕಳಿದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಯಾವ ಕಾಗದವನ್ನೂ ಹುಡುಕುತ್ತ ಕೂರದೆ ಶ್ರೀಮಠಕ್ಕೆ ಕರೆತನ್ನಿ. ಬಾಗಿಲಿಗೆ ಬಂದ ಮಗುವನ್ನು ಇನ್ನೊಮ್ಮೆ ಹಿಂದಿರುಗಿಸುವುದಿಲ್ಲವೆಂದು ನಿಮ್ಮ ಮುಂದೆ ಮಾತು ಕೊಡುತ್ತೇವೆ.