ವಿಮಾನದ ಒಲೆಯ ಕಥೆ

ಕನ್ನಡನಾಡನ್ನು ಬಿಟ್ಟು ಈ ಕಿತ್ತಳೆಯ ಸೀಮೆಗೆ ಬಂದು ನೆಲಸಿದ ನಮಗೆ, ನಾಗಪುರವು ವಿಮಾನಗಳ ಊರೂ ಅಹುದೆಂಬುದು ಎಷ್ಟೋ ವೇಳೆ ಮರೆತುಹೋಗುತ್ತದೆ. 1949ರ ಜನವರಿಯಲ್ಲಿ ರಾತ್ರಿಯ ವಿಮಾನ ಅಂಚೆ ಮೊದಲಾದಾಗ ದಿಲ್ಲಿ, ಮುಂಬಯಿ, ಕಲಕತ್ತೆ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ಸೋನೆಗಾಂವದಲ್ಲಿ ಇಳಿದು, ಚೀಲಗಳನ್ನು ಅದಲುಬದಲು ಮಾಡಿಕೊಂಡು ಮರಳುತ್ತಿದ್ದವು. ಅವು ಪಿಸ್ಟನ್ ಎಂಜಿನಿನವು. ಜೆಟ್ ತರುವಾಯ ಬಂದಿತು. ಕರಿಹೊಗೆಯೂ ಅದರೊಡನೆ ಬಂದಿತು.

ಹೊಗೆ ಏಕೆ? ನಮ್ಮ ತಾಯಂದಿರಿಗೆ ಇದು ತಿಳಿದ ಸಂಗತಿಯೇ. ಕಂದೀಲಿನ ಹಳದಿ ಉರಿ ಗಾಜಿಗೆ ಮಸಿ ಹಿಡಿಸುತ್ತಿತ್ತು. ಅದೇ ಸೀಮೆಎಣ್ಣೆ ಪಂಪಿನ ಸ್ಟೋವಿನಲ್ಲಿ ಆವಿಯಾಗಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತಿತ್ತು. ಜೆಟ್ ವಿಮಾನ ಉರಿಸುವುದೂ ಒಂದು ಬಗೆಯ ಸೀಮೆಎಣ್ಣೆಯನ್ನೇ. 1970ರಲ್ಲಿ ಅಮೆರಿಕದ ವಿಮಾನ ಕಂಪನಿಗಳು ತಮ್ಮ ಎಂಜಿನುಗಳ ದಹನಕೋಷ್ಠವನ್ನು, ಎಂದರೆ ಒಲೆಯನ್ನು, ಬದಲಿಸಲೊಪ್ಪಿದ ಮೇಲೆ ಹೊಗೆ ಇಳಿಯಿತು. ಆದರೆ ಕಣ್ಣಿಗೆ ಕಾಣದ ವೈರಿ ಉಳಿಯಿತು. ಉರಿ ಅತಿಯಾಗಿ ಕಾದರೆ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ವಿಷಾನಿಲವಾಗುತ್ತವೆ. ತಣಿಸಿದರೆ ಎಣ್ಣೆ ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ! 1981ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಇವೆಲ್ಲಕ್ಕೂ ಮಿತಿಯನ್ನು ಗೊತ್ತುಪಡಿಸಿತು.

ಇತ್ತ, 1961ರಲ್ಲಿ ಕಾನಪುರದಿಂದ ಬೆಂಗಳೂರಿಗೆ ಬಂದ ಗ್ಯಾಸ್ ಟರ್ಬೈನ್ ಸಂಶೋಧನಾಲಯಕ್ಕೆ 1989ರಲ್ಲಿ ಯುದ್ಧವಿಮಾನದ ಎಂಜಿನಿನ ಕೆಲಸ ಒಪ್ಪಿಸಲ್ಪಟ್ಟಿತು. ಅದಕ್ಕೆ ಕಾವೇರಿಯೆಂದು ಹೆಸರು. ಹೆಸರು ಕೇಳಿ ಹಿಗ್ಗಿದ್ದೆವು. 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಿದಾಗ ನೊಂದೆವು. ಅದರ ಗುರಿ ಬಲವೇ ಹೊರತು ಶುಚಿಯಲ್ಲವೆಂಬುದನ್ನೂ ಹೇಳಬೇಕು. ಯುದ್ಧವಿಮಾನಕ್ಕೆ ಆ ಮಿತಿಗಳು ಅನ್ವಯಿಸವು.

ಶುಚಿಯಾದ ಒಲೆಯಾದರೋ ನಮ್ಮ ಬಾಗಿಲಿಗೇ ಬಂದಿದೆ. ಬೋಯಿಂಗ್ 777, 787 ವಿಮಾನಗಳ ದುರಸ್ತಿಗೆಂದು ಕಟ್ಟಿದ ಮಿಹಾನದ ಕಾರ್ಯಾಗಾರವು 2015ರಲ್ಲಿ ತೆರೆಯಿತು. ಏರ್ ಇಂಡಿಯಾದ 777ರಲ್ಲಿರುವ ಜಿ.ಇ. 90 ಎಂಜಿನಿಗೆ ಉರಿಯ ಸುತ್ತುಗಳು ಎರಡು: ನೆಲದ ಮೇಲೆ ಮೆಲ್ಲನೆ ಸಾಗುವಾಗ ಒಂದು ಉರಿದರೆ ಸಾಕು, ಮೇಲೇರುವಾಗ ಎರಡೂ ಬೇಕು. 787ರ ಜಿಎನ್‌ಎಕ್ಸ್ ಇನ್ನೂ ಜಾಣ. ನಡುವೆ ಪುಟ್ಟ ಜ್ವಾಲೆ. ಅದರ ಸುತ್ತ, ಉರಿಯುವ ಮೊದಲೇ ಹೇರಳ ಗಾಳಿಯೊಡನೆ ಸುಳಿಸುಳಿಯಾಗಿ ಬೆರೆತ ಎಣ್ಣೆ. ಆದುದರಿಂದ ಎಲ್ಲಿಯೂ ಅತಿಶಾಖವಿಲ್ಲ. ಈ ಎಂಜಿನಿನ ವಿನ್ಯಾಸದಲ್ಲಿ, 2000ದಲ್ಲಿ ತೆರೆದ ಜಿ.ಇ. ಕಂಪನಿಯ ಬೆಂಗಳೂರು ಕೇಂದ್ರದವರೂ ದುಡಿದಿದ್ದಾರೆ. ಅವರೆಲ್ಲ ಕನ್ನಡಿಗರೆಂದು ನಾವು ಕೊಚ್ಚಿಕೊಳ್ಳಲಾಗದು; ಆದರೂ ಊರು ನಮ್ಮದು.

ಇಷ್ಟಾದರೂ, ಒಂದು ಕಿಲೋಗ್ರಾಂ ಎಣ್ಣೆ ಉರಿದರೆ ಮೂರು ಕಿಲೋಗ್ರಾಮಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಅದನ್ನು ತಡೆಯುವುದು ಒಲೆ ಕಟ್ಟುವವನ ಕೈಯಲ್ಲಿಲ್ಲ, ಎಣ್ಣೆಯನ್ನೇ ಬದಲಿಸಬೇಕಾದೀತು.