ಉರುಳೆ ಹಾಯಿಸಿದ ತಗಡಿನ ದಿಕ್ಸಾಪೇಕ್ಷ ಸ್ಥಿತಿಸ್ಥಾಪಕತ್ವ: ಟ್ರಾನ್ಸ್‌ಫಾರ್ಮರ್ ಉಕ್ಕಿನ ನಿದರ್ಶನ

ಪೀಠಿಕೆ

ಉಕ್ಕಿನ ಯಂಗ್ ಗುಣಾಂಕ ಸುಮಾರು 210 ಗಿಗಾಪಾಸ್ಕಲ್ ಎಂದು ಕೈಪಿಡಿಗಳು ಹೇಳುತ್ತವೆ. ಅದು ದಿಕ್ಕೆಟ್ಟು ನಿಂತ ಅಸಂಖ್ಯ ಹರಳುಗಳ ಸರಾಸರಿ. ಉರುಳೆಗಳ ನಡುವೆ ಹಾದು, ಕುಲುಮೆಯಲ್ಲಿ ಕಾದು ಬಂದ ತಗಡಿನಲ್ಲಿ ಹರಳುಗಳು ಬಹುಪಾಲು ಒಂದೇ ಕಡೆ ಮುಖ ಮಾಡಿರುತ್ತವೆ. ಅಂಥ ತಗಡಿಗೆ ಒಂದೇ ಗುಣಾಂಕ ನಮೂದಿಸುವುದು ತಪ್ಪು. ಉದ್ದಕ್ಕೂ ಅಡ್ಡಕ್ಕೂ ಎರಡು ಬಾರಿ ಅಳೆದರೂ ಸಾಲದು ಎಂಬುದು ಈ ಲೇಖನದ ಪ್ರತಿಪಾದನೆ.

ನಿದರ್ಶನ

ಟ್ರಾನ್ಸ್‌ಫಾರ್ಮರ್ ತಿರುಳಿಗೆ ಬಳಸುವ ಸಿಲಿಕಾನ್ ಉಕ್ಕು ನಾರ್ಮನ್ ಗಾಸ್ 1934ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಬೆಳೆದು ಬಂದದ್ದು. ಇದರಲ್ಲಿ ಹರಳಿನ ಘನದ ಅಂಚು ಉರುಳೆಯ ದಿಕ್ಕಿಗಿದೆ, ಮುಖಕರ್ಣ ಅಡ್ಡದಿಕ್ಕಿಗಿದೆ; ಘನಕರ್ಣ ಇವೆರಡರ ನಡುವೆ, ಉರುಳೆಯ ದಿಕ್ಕಿನಿಂದ ಸುಮಾರು 55° ಓರೆಯಲ್ಲಿದೆ. ಕಬ್ಬಿಣದ ಒಂಟಿ ಹರಳಿನಲ್ಲಿ ಈ ಮೂರು ದಿಕ್ಕುಗಳ ಗುಣಾಂಕ ಕ್ರಮವಾಗಿ ಸುಮಾರು 132, 220 ಮತ್ತು 283 ಗಿಗಾಪಾಸ್ಕಲ್. ಸಿಲಿಕಾನ್ ಬೆರೆತಾಗ ಅಂಕಿಗಳು ತುಸು ಇಳಿಯುತ್ತವೆ, ಕ್ರಮ ಬದಲಾಗದು. ಉದ್ದ, ಅಡ್ಡ ಎರಡನ್ನೇ ಅಳೆದವರಿಗೆ ಅತ್ಯಧಿಕ ಬೆಲೆ ಕಣ್ಣಿಗೇ ಬೀಳುವುದಿಲ್ಲ.

ಮಾಪನ ವಿಧಾನ

ತಗಡಿನಿಂದ 0°, 45°, 90° ಕೋನಗಳಲ್ಲಿ ಉದ್ದವಾದ, ಕಿರಿದಾದ ಪಟ್ಟಿಗಳನ್ನು ಕತ್ತರಿಸಬೇಕು. ಪ್ರತಿ ತುದಿಯಿಂದ ಉದ್ದದ ಶೇ. 22.4ರಷ್ಟು ಒಳಗೆ, ಕಂಪನವಿಲ್ಲದ ಬಿಂದುಗಳಲ್ಲಿ, ಎರಡು ದಾರಗಳ ಮೇಲೆ ಪಟ್ಟಿಯನ್ನಿಟ್ಟು ಮೆಲ್ಲಗೆ ತಟ್ಟಿದರೆ ಅದರ ಸಹಜ ಆವೃತ್ತಿ ಸಿಗುತ್ತದೆ. ಗುಣಾಂಕ ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿದೆ. ಒಂದೇ ಅಳತೆಯ ಪಟ್ಟಿಗಳಲ್ಲಿ ಉದ್ದದ ದಿಕ್ಕಿನ ನಾದ ಷಡ್ಜವಾದರೆ, 55° ಪಟ್ಟಿಯದು ಅದರ 1.46 ಪಟ್ಟು, ಪಂಚಮದ 1.5ಕ್ಕಿಂತ ತುಸು ಕೆಳಗೆ. ಪಳಗಿದ ಕಿವಿಗೇ ತಿಳಿಯುವ ವ್ಯತ್ಯಾಸವಿದು.

ಗುಣಾಂಕದ ವಿಲೋಮವು ಕೋನದ ಕೊಸೈನ್‌ನ ನಾಲ್ಕನೆಯ ಘಾತ, ಸೈನ್‌ನ ನಾಲ್ಕನೆಯ ಘಾತ, ಅವೆರಡರ ವರ್ಗಗಳ ಗುಣಲಬ್ಧ ಎಂಬ ಮೂರು ಪದಗಳ ಮೊತ್ತ. ಅಜ್ಞಾತ ಸಹಗುಣಕಗಳು ಮೂರು, ಪಟ್ಟಿಗಳೂ ಮೂರು. 132, 264, 220 ಎಂಬ ಬೆಲೆಗಳನ್ನು ಕೊಟ್ಟರೆ ಸಮೀಕರಣ 55°ಯಲ್ಲಿ 283 ಎಂದೇ ಹೇಳುತ್ತದೆ. ಆ ಕೋನದ ನಾಲ್ಕನೆಯ ಪಟ್ಟಿಯನ್ನು ಕತ್ತರಿಸಿ ಅಳೆಯುವುದು ಇಡೀ ಪ್ರಯೋಗಕ್ಕೆ ಒರೆಗಲ್ಲು.

ದೋಷಗಳು

ಲೆಕ್ಕದಲ್ಲಿ ದಪ್ಪದ ವರ್ಗ ಬರುತ್ತದೆ. 0.27 ಮಿಲಿಮೀಟರ್ ತಗಡಿನಲ್ಲಿ 5 ಮೈಕ್ರೋಮೀಟರ್ ತಪ್ಪಿದರೆ ಗುಣಾಂಕ ಸುಮಾರು ಶೇ. 4ರಷ್ಟು ತಪ್ಪುತ್ತದೆ. ಆದ್ದರಿಂದ ಮೇಲ್ಲೇಪ ತೆಗೆದು, ಪಟ್ಟಿಯನ್ನು ತೂಗಿ, ಸಾಂದ್ರತೆಯಿಂದ ಸರಾಸರಿ ದಪ್ಪ ಕಂಡುಕೊಳ್ಳುವುದು ಮೇಲು. 45° ಪಟ್ಟಿ ಕತ್ತರಿಸುವಾಗ ಕೋನ 1° ಜಾರಿದರೆ ಸುಮಾರು 4 ಗಿಗಾಪಾಸ್ಕಲ್ ವ್ಯತ್ಯಾಸ. ಈ ಉಕ್ಕಿನ ಹರಳುಗಳು ಸೆಂಟಿಮೀಟರ್ ಗಾತ್ರಕ್ಕೂ ಬೆಳೆಯುವುದರಿಂದ ಪ್ರತಿ ಕೋನಕ್ಕೂ ಹಲವು ಪಟ್ಟಿಗಳು ಬೇಕು.

ಸಮಾರೋಪ

ಮಾಮೂಲಿ ಸೂತ್ರದಂತೆ 45°ಯ ಬೆಲೆಗೆ ಇಮ್ಮಡಿ ತೂಕ ಕೊಟ್ಟು ಸರಾಸರಿ ತೆಗೆದರೆ ಇದೇ ತಗಡಿಗೆ 220 ಬರುತ್ತದೆ. ಸಾಮಾನ್ಯ ಉಕ್ಕಿನ ಹತ್ತಿರದ, ಯಾರಿಗೂ ಅನುಮಾನ ಹುಟ್ಟಿಸದ ಅಂಕಿ. ಇಮ್ಮಡಿಗೂ ಮೀರಿದ ಏರಿಳಿತ ಅದರಡಿ ಅಡಗಿಹೋಗುತ್ತದೆ. ಹಾಗಾಗಿ ವರದಿಯಲ್ಲಿ ಮೂರೂ ಬೆಲೆಗಳಿರಬೇಕು. ಕತ್ತರಿ ಹಾಕುವ ಮುನ್ನ ಪ್ರತಿ ಪಟ್ಟಿಯ ಮೇಲೂ ಉರುಳೆಯ ದಿಕ್ಕಿನ ಗುರುತಿರಬೇಕು.