ಅತ್ತಿಗೆಯ ಬಾಯಿಹುಣ್ಣು

ಹಾಸನದ ಹತ್ತಿರದ ನಮ್ಮ ಕೊರವಂಗಲಕ್ಕೆ ಬಂದವರು ಬೂಚೇಶ್ವರನ ಗುಡಿ ನೋಡಿಕೊಂಡು ಹೋಗುತ್ತಾರೆ. ಎರಡನೆಯ ವೀರಬಲ್ಲಾಳನಿಗೆ ಪಟ್ಟವಾದ 1173ರಲ್ಲಿ ಅವನ ಅಧಿಕಾರಿ ಬೂಚಿ ಕಟ್ಟಿಸಿದ ಗುಡಿ ಅದು. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿದಿದೆ. ಅದೇ ಊರಿನ ನಮ್ಮ ಅತ್ತಿಗೆಯ ಬಾಯಿಹುಣ್ಣನ್ನು ಮಾತ್ರ ಯಾರೂ ಎಲ್ಲೂ ಬರೆದಿಡಲಿಲ್ಲ.

1990ರ ಸುಮಾರಿನ ಮಾತು. ಮೂರು ಮಕ್ಕಳಾಗಿದ್ದ ಅತ್ತಿಗೆ, ನರ್ಸಮ್ಮ ಕೊಟ್ಟ ಮಾತ್ರೆಗಳನ್ನು ಸೀರೆಗಳ ನಡುವೆ ಬಚ್ಚಿಟ್ಟು ನಮ್ಮವ್ವನ ಕಣ್ಣು ತಪ್ಪಿಸಿ ನುಂಗುತ್ತಿದ್ದರು. ನಾಲ್ಕು ತಿಂಗಳಾಗುವಷ್ಟರಲ್ಲಿ ಬಾಯಿಯ ಅಂಚು ಸೀಳಿತು. ನಾಲಿಗೆ ಉರಿ, ಸಾರು ಮುಟ್ಟುವಂತಿಲ್ಲ. "ಮಾತ್ರೆ ಬಲು ಉಷ್ಣ ಕಣಪ್ಪ" ಎಂದರು. ಹೋಗಿ ಕೇಳಿದರೆ "ಎಲ್ಲಾ ನಿನ್ನ ಭ್ರಮೆ ಕಣಮ್ಮ" ಎಂಬ ಉತ್ತರ. ಮಾತ್ರೆ ಒಲೆಗೆ ಬಿತ್ತು. ವರ್ಷ ತುಂಬುವುದರೊಳಗೆ ನಾಲ್ಕನೆಯ ಬಸಿರು.

ಆ ಭ್ರಮೆಗೂ ಒಂದು ಚರಿತ್ರೆಯಿದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಸಂತಾನ ನಿಯಂತ್ರಣದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಅದಕ್ಕಾಗಿ ಸರ್ಕಾರಿ ಕ್ಲಿನಿಕ್‌ಗಳನ್ನು ತೆರೆಯಿತು. ಸರ್ಕಾರವೇ ತೆರೆದ ಇಂಥವುಗಳಲ್ಲಿ ಜಗತ್ತಿಗೇ ಮೊದಲನೆಯವೆಂದು ಅವನ್ನು ಲೆಕ್ಕಿಸುತ್ತಾರೆ. ನುಂಗುವ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಆ ಮೊದಲ ಮಾತ್ರೆಯಲ್ಲಿ ಈಸ್ಟ್ರೊಜನ್ 150 ಮೈಕ್ರೊಗ್ರಾಂ ಇತ್ತು. ಈಗ ಸಾಮಾನ್ಯವಾಗಿ 20ರಿಂದ 35.

ಮಾತ್ರೆ ಬಂದ ಹತ್ತು ಹದಿನೈದು ವರ್ಷಗಳಲ್ಲೇ ವಿಜ್ಞಾನಿಗಳು ಹೆಂಗಸರ ರಕ್ತ ಪರೀಕ್ಷಿಸತೊಡಗಿದರು. ಬಿ6, ಫೋಲೇಟ್, ಬಿ2 ಎಂಬ ರೈಬೋಫ್ಲೇವಿನ್ ಇವುಗಳ ಮಟ್ಟ ಕೆಲವರಲ್ಲಿ ತಗ್ಗಿತ್ತು. ಮಾತ್ರೆ ಹೊಟ್ಟೆಯಲ್ಲಿ ಕುಳಿತು ವಿಟಮಿನ್ ಹೀರದಂತೆ ತಡೆಯುತ್ತದೆ ಎನ್ನುವುದು ಪೂರ್ತಿ ಸರಿಯಲ್ಲ. ಈಸ್ಟ್ರೊಜನ್ನಿನಿಂದ ಒಳಗಿನ ಖರ್ಚೇ ಬದಲಾಗುತ್ತದೆ. ಬಿ12 ರಕ್ತದಲ್ಲಿ ಕಡಿಮೆ ಕಂಡರೂ ಎಷ್ಟೋ ಸಲ ನಿಜವಾದ ಕೊರತೆ ಇರುವುದಿಲ್ಲ. ಅದನ್ನು ಹೊರುವ ಪ್ರೋಟೀನು ಇಳಿದಿರುತ್ತದೆ. ವಿಟಮಿನ್ ಎ ರಕ್ತದಲ್ಲಿ ಏರುವುದೂ ಉಂಟು. ಮುಟ್ಟಿನ ರಕ್ತ ಕಡಿಮೆಯಾಗುವುದರಿಂದ ಕಬ್ಬಿಣಾಂಶ ಉಳಿಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಮಹತಾಬ್ ಬಾಮ್ಜಿ ಮತ್ತು ಸಂಗಡಿಗರು 1970, 80ರ ದಶಕಗಳಲ್ಲಿ ಇದನ್ನು ನಮ್ಮ ಬಡ ಹೆಂಗಸರಲ್ಲೇ ನೋಡಿದರು. ಅವರಲ್ಲಿ ಬಿ ಗುಂಪಿನ ವಿಟಮಿನ್‌ಗಳ ಕೊರತೆ ಮಾತ್ರೆಗೆ ಮೊದಲೇ ವ್ಯಾಪಕವಾಗಿತ್ತು. ತುಂಬಿದ ಕಣಜದಿಂದ ಒಂದು ಸೇರು ತೆಗೆದರೆ ಗೊತ್ತಾಗುವುದಿಲ್ಲ. ತಳ ಕಂಡ ಕಣಜದಿಂದ ತೆಗೆದರೆ ಗೊತ್ತಾಗುತ್ತದೆ.

ನಮ್ಮ ಮನೆಯ ಕಣಜ ಹೇಗಿತ್ತು? ರೈಬೋಫ್ಲೇವಿನ್ ಹೆಚ್ಚಾಗಿ ಸಿಗುವುದು ಹಾಲು, ಮೊಟ್ಟೆ, ಸೊಪ್ಪುಗಳಲ್ಲಿ. ಹಾಲು ಡೈರಿಗೆ, ಮೊಟ್ಟೆ ಸಂತೆಗೆ. ಸೊಪ್ಪಿನ ಸಾರು ಗಂಡಸರಿಗೆ, ಮಕ್ಕಳಿಗೆ ಬಡಿಸಿದ ಮೇಲೆ ಅತ್ತಿಗೆಗೆ ಉಳಿಯುತ್ತಿದ್ದದ್ದು ಮುದ್ದೆ, ತಿಳಿ, ಉಪ್ಪಿನಕಾಯಿ. ಅದರ ಮೇಲೆ ಎದೆಹಾಲು ಕುಡಿಯುವ ಕೂಸು ಬೇರೆ.

ಆದ್ದರಿಂದ ಹುಣ್ಣು ಮಾತ್ರೆಯದೋ ತಟ್ಟೆಯದೋ ಎಂದು ನಾನು ಈಗ ಹೇಳಲಾರೆ. ಪರೀಕ್ಷಿಸಿದವರಿಲ್ಲ. ಆದರೆ ಭ್ರಮೆ ಎನ್ನುವ ಬದಲು "ಏನು ಉಣ್ಣುತ್ತೀಯಮ್ಮ?" ಎಂದು ಒಬ್ಬರು ಕೇಳಿದ್ದರೆ, ಒಂದಿಷ್ಟು ಬಿ-ಕಾಂಪ್ಲೆಕ್ಸ್ ಕೊಟ್ಟಿದ್ದರೆ, ಇಲ್ಲವೇ ಬೇರೆ ವಿಧಾನ ಹೇಳಿದ್ದರೆ, ಮಾತ್ರೆ ಒಲೆಗೆ ಬೀಳುತ್ತಿರಲಿಲ್ಲ.

ಅವರು ಕೇಳಲಿಲ್ಲ ಎನ್ನುತ್ತೇನೆ. ಪಕ್ಕದಲ್ಲೇ ಕೂತು ಅದೇ ಸೊಪ್ಪಿನ ಸಾರು ಎರಡು ಸಲ ಬಡಿಸಿಕೊಂಡ ನಾನೂ ಕೇಳಿರಲಿಲ್ಲ.